ನೂರ ಎಂಬತ್ತು ರೀಲು

ಫೆಬ್ರವರಿ 6

ತಮ್ಮಾ,

ನಿನ್ನೆ ಎರಡು ಸಲ ಫೋನ್ ಮಾಡಿದ್ದೀಯ. ಎತ್ತಲಿಲ್ಲ ಎಂದು ಮುಖ ಊದಿಸಿಕೊಂಡು ಕೂರಬೇಡ. ಈ ಮನೆಯಲ್ಲಿ ಫೋನು ಬರೀ ಗೊರಗೊರ ಅನ್ನುತ್ತದೆ. ನೀನು ಹೇಳುವುದು ಒಂದು, ನನಗೆ ತಲುಪುವುದು ಇನ್ನೊಂದು. ಇನ್ನು ಮೇಲೆ ಪತ್ರವನ್ನೇ ಬರೆ. ಅಷ್ಟು ಓದಿದವನು, ನಾಲ್ಕು ಸಾಲು ಬರೆದರೆ ಕೈ ಸವೆದುಹೋಗುವುದಿಲ್ಲ.

ಸುದ್ದಿ ಏನೆಂದರೆ, ಮೊನ್ನೆ ಬೆಳಿಗ್ಗೆ ಗೋಡೌನಿಗೆ ಲಾರಿ ಬಂತು. ನಮ್ಮ ಗೇಮ್ ಪೆಟ್ಟಿಗೆಯ ಚಿಪ್ ಇಷ್ಟು ವರ್ಷ ಹದಿನೈದು ದಿನಕ್ಕೆ ಹತ್ತು ರೀಲಿನಂತೆ ಬರುತ್ತಿತ್ತು. ಒಂದು ರೀಲಿನಲ್ಲಿ ಸಾವಿರ ಚಿಪ್, ಪೆಟ್ಟಿಗೆಗೆ ಒಂದು. ಈ ಸಲ ಒಂದೇ ಏಟಿಗೆ ನೂರ ಎಂಬತ್ತು ರೀಲು ಇಳಿದವು! ನಾನೇ ನಿಂತು ಎಣಿಸಿದೆ. ಗೋಡೌನಿನವನಿಗೆ ಜಾಗ ಸಾಲದೆ ನಾವು ಚೀಲ ನೇತುಹಾಕುವ ಗೂಟಗಳ ಕೆಳಗೂ ಪೇರಿಸಿದ್ದಾನೆ. ಈಗ ನಮ್ಮ ಚೀಲಗಳು ರೀಲಿನ ಡಬ್ಬಗಳ ಮೇಲೆ ಆರಾಮಾಗಿ ಕೂತಿರುತ್ತವೆ.

ಮುಚ್ಚಳಕ್ಕೆ ಸ್ಕ್ರೂ ಹಾಕುವ ನಮ್ಮ ದೊಡ್ಡಮ್ಮ (ಲೈನಿನಲ್ಲಿ ಎಲ್ಲರಿಗಿಂತ ಹಿರಿಯಳು, ಅದಕ್ಕೇ ಆ ಹೆಸರು) ಅದನ್ನೆಲ್ಲ ನೋಡಿ, "ನಾನು ರಿಟೈರ್ ಆಗೋವರೆಗೂ ಚಿಂತೆ ಇಲ್ಲ ಬಿಡ್ರೇ," ಅಂದಳು. ವೈರು ಜೋಡಿಸುವ ಗುಬ್ಬಿ ಮಾತ್ರ ಒಪ್ಪಲಿಲ್ಲ. "ಯಾವತ್ತೂ ಒಂದು ಸ್ಕ್ರೂ ಜಾಸ್ತಿ ಕೊಡದವರು ಇವತ್ತು ಇಷ್ಟೊಂದು ತಂದು ಸುರೀತಾರೆ ಅಂದ್ರೆ ಏನೋ ಇದೆ ಅಕ್ಕಾ." ಮನೆಯಲ್ಲಿ ಎಂಟು ತಿಂಗಳ ಮಗು, ಗಂಡನಿಗೆ ಕೆಲಸವಿಲ್ಲ, ಪಾಪ, ಅವಳಿಗೆ ಹಗ್ಗವೂ ಹಾವಾಗಿ ಕಾಣುತ್ತದೆ.

ಇನ್ನೊಂದು ವಿಷಯ. ಎದುರಿನ ಕಟ್ಟಡದಲ್ಲಿ ಆಸ್ಪತ್ರೆಯ ಯಂತ್ರಗಳ ಹೊಸ ಲೈನು ಶುರುವಾಗುತ್ತಿದೆ. ರೋಗಿಯ ಪಕ್ಕದಲ್ಲಿ ಇಟ್ಟರೆ ಟಿಣ್ ಟಿಣ್ ಅನ್ನುತ್ತದಲ್ಲ, ಅದು. ಮೂವತ್ತು ಜನ ಬೇಕಂತೆ. ಕಣ್ಣು, ಕಿವಿ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರೆ. ಹೆಸರು ಕೊಡಲು ಇದೇ ಇಪ್ಪತ್ತೆಂಟು ಕಡೆಯ ದಿನ. ಹೋದವರು ಹೊಸಬರಾಗಿ ಮೊದಲಿನಿಂದ ಶುರು ಮಾಡಬೇಕು, ಮತ್ತೆ ಇತ್ತ ಬರುವ ಹಾಗಿಲ್ಲ. ಲೈನಿನ ಹನ್ನೊಂದು ಜನ ನನ್ನ ಮುಖ ನೋಡುತ್ತಿದ್ದಾರೆ, ನಾನು ನಿನ್ನ ಮುಖ ನೋಡುತ್ತಿದ್ದೇನೆ. ಯಾವ ಪೆಟ್ಟಿಗೆ ಎಷ್ಟು ಮಾಡಬೇಕು ಎಂದು ಲೆಕ್ಕ ಹಾಕುವ ಕೋಣೆಯಲ್ಲೇ ಅಲ್ಲವೇ ನೀನು ಕೂರುವುದು? ನಮ್ಮ ಪೆಟ್ಟಿಗೆ ಇನ್ನೂ ಇರುತ್ತದೋ ಇಲ್ಲವೋ? ಹೆಸರು ಕೊಡೋಣವೋ ಬೇಡವೋ? ಒಂದೇ ಒಂದು ಮಾತು ಬರೆ, ಸಾಕು.

ನಿನ್ನ ಮಗಳಿಗೆ ನನ್ನ ಮುತ್ತು.

ನಿನ್ನ ಅಕ್ಕ

ಫೆಬ್ರವರಿ 19

ಅಕ್ಕಾ,

ಪತ್ರ ತಡವಾಯಿತು. ಕೆಲಸ ಜಾಸ್ತಿ. ನನ್ನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದಾರೆ. ಕಿಟಕಿ ಎಂದರೆ ಏನೋ ಅಂದುಕೊಳ್ಳಬೇಡ, ಎದುರಿಗಿರುವುದು ಇನ್ನೊಂದು ಆಫೀಸಿನ ಕಿಟಕಿ. ಅಲ್ಲೂ ನನ್ನಂಥವನೇ ಒಬ್ಬ ತಲೆ ಕೆರೆದುಕೊಳ್ಳುತ್ತ ಕೂತಿರುತ್ತಾನೆ. ಮಗಳ ಮುಂದಿನ ಎರಡು ಹಲ್ಲು ಬಿದ್ದಿವೆ. ನೀನು ಕಳಿಸಿದ್ದ ಪೆಟ್ಟಿಗೆಯಲ್ಲಿ ಆಡುತ್ತ, "ಇದನ್ನ ಅತ್ತೆ ಕಿವಿಗಿಟ್ಟುಕೊಂಡು ಕೇಳಿದ್ದಾ?" ಎಂದು ತಾನೂ ಕಿವಿಗೆ ಇಟ್ಟುಕೊಳ್ಳುತ್ತಾಳೆ. ನಾನು ಶಾಲೆಯಿಂದ ಬಂದು ನಿನ್ನ ಕಾರ್ಖಾನೆಯ ಗೇಟಿನ ಹತ್ತಿರ ಕಾಯುತ್ತಿದ್ದದ್ದು, ಕೆಲಸಕ್ಕೆ ಬಾರದ ಸೂಚನಾ ಹಾಳೆಗಳ ಹಿಂಬದಿಯಲ್ಲಿ ನೀನು ನನಗೆ ಲೆಕ್ಕ ಹಾಕಿಸುತ್ತಿದ್ದದ್ದು ಎಲ್ಲ ನೆನಪಾಗುತ್ತದೆ. ನಿನ್ನಷ್ಟು ತಾಳ್ಮೆ ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ಹೆಸರು ಕೊಡುವ ವಿಷಯ. ಇಷ್ಟು ದೂರದಲ್ಲಿ ಕೂತು ನಾನು ಹೀಗೇ ಮಾಡು ಎನ್ನುವುದು ಸರಿಯಲ್ಲ ಅಕ್ಕಾ. ಹೊಸ ಲೈನಿಗೆ ಅದರ ಅನುಕೂಲಗಳಿವೆ, ಹಳೆಯದಕ್ಕೆ ಅದರವು. ಪೆಟ್ಟಿಗೆ ಈಗಲೂ ಚೆನ್ನಾಗಿಯೇ ಮಾರಾಟವಾಗುತ್ತಿದೆ. ಮೊದಲ ದಿನದಿಂದ ಹದಿನಾರು ವರ್ಷ ಕೊನೆಯ ಮೇಜಿನಲ್ಲಿ ನಿಂತು ಒಂದೊಂದು ಪೆಟ್ಟಿಗೆಯ ಸದ್ದನ್ನೂ ಕೇಳಿ ನೋಡಿದವಳು ನೀನು, ನನಗಿಂತ ನಿನಗೇ ಹೆಚ್ಚು ಗೊತ್ತು. ನಿನಗೆ ಏನು ಸರಿ ಕಾಣುತ್ತದೋ ಅದನ್ನೇ ಮಾಡು.

ಪತ್ರದಲ್ಲೇ ಮಾತಾಡೋಣ ಎಂದದ್ದು ಒಳ್ಳೆಯದಾಯಿತು.

ನಿನ್ನ ತಮ್ಮ

ಫೆಬ್ರವರಿ 27

ತಮ್ಮಾ,

ಬದುಕಿದೆವು! ಟೀ ಬಿಡುವಿನಲ್ಲಿ ನಿನ್ನ ಪತ್ರವನ್ನು ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ಹಲ್ಲು ಬಿದ್ದದ್ದು ಬಿಟ್ಟು, ಪೆಟ್ಟಿಗೆ ಚೆನ್ನಾಗಿ ಮಾರಾಟವಾಗುತ್ತಿದೆ ಎಂದದ್ದನ್ನು ಎರಡು ಸಲ ಓದಿದೆ. "ನನ್ನ ತಮ್ಮ ಹೆಡ್ ಆಫೀಸಲ್ಲೇ ಇದ್ದಾನೆ. ಕೆಟ್ಟದ್ದೇನಾದ್ರೂ ಇದ್ದಿದ್ರೆ ನನ್ನ ಹತ್ರ ಮುಚ್ಚಿಡ್ತಿದ್ನಾ?" ಅಂದೆ. ದೊಡ್ಡಮ್ಮ ಚಪ್ಪಾಳೆ ತಟ್ಟಿದಳು.

ಗುಬ್ಬಿ ಫಾರಂ ತುಂಬಿ ತಂದಿದ್ದಳು. "ನೀನು ಹೇಳಿದ ಮೇಲೆ ಮುಗೀತು ಅಕ್ಕಾ," ಎಂದು ಅದನ್ನು ಎಂಟು ಮಡಿಕೆ ಮಡಚಿ, ನನ್ನ ಮೇಜಿನ ಕುಂಟುವ ಕಾಲಿನ ಕೆಳಗೆ ತುರುಕಿದಳು. ಎಷ್ಟೋ ದಿನದಿಂದ ಕುಂಟುತ್ತಿದ್ದ ಮೇಜು ಈಗ ಗಟ್ಟಿಯಾಗಿ ನಿಂತಿದೆ. ನಮ್ಮ ಲೈನಿನಿಂದ ಒಬ್ಬರೂ ಹೆಸರು ಕೊಡುತ್ತಿಲ್ಲ.

ನೀನು ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

ಮೇ 14

ಅಕ್ಕಾ,

ಬಹಳ ದಿನ ಬರೆಯಲಿಲ್ಲ. ಬರೆಯಲು ಕೂತರೆ ಏನಾದರೊಂದು ಅಡ್ಡ ಬರುತ್ತಿತ್ತು. ನಿನಗೆ ಒಂದು ಜೊತೆ ಚಪ್ಪಲಿ ಕಳಿಸಿದ್ದೇನೆ, ದಿನವೆಲ್ಲ ನಿಲ್ಲುವವರಿಗೆ ಒಳ್ಳೆಯದಂತೆ.

ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಪೆಟ್ಟಿಗೆಯ ಬಗ್ಗೆ ಇಲ್ಲಿ ಏನೇನೋ ಮಾತು ಕೇಳಿಬರುತ್ತಿದೆ. ವಾಪಸ್ ಬರುವ ಪೆಟ್ಟಿಗೆಗಳು ಮೊದಲಿಗಿಂತ ಹೆಚ್ಚಾಗಿವೆಯಂತೆ. ಹೆಚ್ಚಿನವು ಡಿಸ್ಕ್ ತಿರುಗುವಾಗ ಕರಕರ ಸದ್ದು ಬರುತ್ತದೆ ಎಂದು. ಯಾವ ಯಂತ್ರಕ್ಕಾದರೂ ಒಂದು ವಯಸ್ಸು ಎಂದು ಇರುತ್ತದಲ್ಲ ಅಕ್ಕಾ. ನೀವೆಲ್ಲ ಸ್ವಲ್ಪ ಯೋಚನೆ ಮಾಡಿಕೊಂಡಿರುವುದು ಒಳ್ಳೆಯದೇನೋ.

ತಮ್ಮ

ಮೇ 22

ಹೆಡ್ ಆಫೀಸಿನ ಸಾಹೇಬರಿಗೆ,

ಚಪ್ಪಲಿ ಬಂತು. ಒಂದು ನಂಬರು ದೊಡ್ಡದು.

ಕೊನೆಯ ಮೇಜಿನಿಂದ ನಾನು ಒಂದು ಪೆಟ್ಟಿಗೆಯನ್ನೂ ಕಿವಿಗಿಟ್ಟು ನೋಡದೆ ಬಿಟ್ಟಿಲ್ಲ. ದಿನಕ್ಕೆ ಎಂಟುನೂರು. ಎಡಗಿವಿಗೆ ಪೆಟ್ಟಿಗೆ, ಬಲಗೈಯಲ್ಲಿ ಸೀಲು. ಸಂದೇಹವಿದ್ದರೆ ಬಂದು ನೋಡಬಹುದು. ಕರಕರ ಅನ್ನುವುದು ಲಾರಿಯಲ್ಲಿ ಎತ್ತಿ ಹಾಕುವಾಗ ಆಗಿರಬೇಕು. ಎಲ್ಲದಕ್ಕೂ ಕೊನೆಯ ಮೇಜಿನವಳನ್ನೇ ಹಿಡಿಯುವುದು ಸುಲಭ.

ಇಲ್ಲಿ ಎಲ್ಲರೂ ಕ್ಷೇಮ.

ಆಗಸ್ಟ್ 3

ತಮ್ಮಾ,

ನೋಟೀಸ್ ಬೋರ್ಡಿನಲ್ಲಿ ಮೊನ್ನೆ ಹಾಳೆ ಅಂಟಿಸಿದರು. ನವೆಂಬರ್ ಹತ್ತಕ್ಕೆ ನಮ್ಮ ಲೈನು ನಿಲ್ಲುತ್ತದೆ. ಗೋಡೌನಿನಲ್ಲಿರುವ ಚಿಪ್ ಮುಗಿದ ಮೇಲೆ ಮತ್ತೆ ಬರುವುದಿಲ್ಲ. ಕಾರಣವನ್ನೂ ಬರೆದಿದ್ದಾರೆ: "ಹಿಂದಿರುಗಿ ಬರುತ್ತಿರುವ ಯಂತ್ರಗಳ ಸಂಖ್ಯೆ ಹೆಚ್ಚಾಗಿರುವುದರಿಂದ." ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದುತ್ತ ನಿಂತೆ. ದೊಡ್ಡಮ್ಮ ನನ್ನನ್ನು ಹಿಡಿದುಕೊಂಡು, "ಪಾಪ, ಅಕ್ಕನಿಗೆ ನಮ್ಮೆಲ್ಲರ ಚಿಂತೆ," ಅಂದಳು.

ಮೇ ತಿಂಗಳಲ್ಲಿ ನಿನ್ನ ಮೇಲೆ ಹರಿಹಾಯ್ದೆನಲ್ಲ, ಯಾಕೆ ಗೊತ್ತೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನೋಡಿಕೊಂಡದ್ದೂ ಹಾಗೆಯೇ.

ನನ್ನ ಎಡಗಿವಿ ಹೋಗಿ ಎರಡು ವರ್ಷವಾಯಿತು. ಮೊದಲು ಜೀರುಂಡೆ ಹೊಕ್ಕ ಹಾಗೆ ಸದ್ದು, ಆಮೇಲೆ ಅದೂ ಇಲ್ಲ. ಫೋನು ಗೊರಗೊರ ಅನ್ನುವುದಿಲ್ಲ, ಫೋನು ಸರಿಯಾಗಿಯೇ ಇದೆ. ಬಲಗಿವಿಯೂ ಮೊದಲಿನಂತಿಲ್ಲ, ಫೋನಿನಲ್ಲಿ ನೀನು ಏನಾದರೂ ಹೇಳಿದರೆ ಮೂರು ಮೂರು ಸಲ ಏನು ಏನು ಎಂದು ಕೇಳಬೇಕಾಗುತ್ತದೆ, ಆಗ ನಿನಗೆ ತಿಳಿದುಹೋಗುತ್ತದೆ ಎಂದು ಹೆದರಿ ಪತ್ರ ಬರೆ ಅಂದೆ.

ಪೆಟ್ಟಿಗೆಯನ್ನು ಬಲಗಿವಿಗೆ ಹಿಡಿಯಬಹುದಿತ್ತು. ಹದಿನಾರು ವರ್ಷ ಎಡಗಿವಿಗೆ ಹಿಡಿದವಳು ಇದ್ದಕ್ಕಿದ್ದ ಹಾಗೆ ಕಿವಿ ಬದಲಾಯಿಸಿದರೆ ಯಾಕೆ ಎಂದು ಕೇಳುವುದಿಲ್ಲವೇ? ಕೊನೆಯ ಮೇಜಿನವಳಿಗೆ ಕಿವಿಯೇ ಕೆಲಸ. ಅದಕ್ಕೆ ಸುಮ್ಮನೆ ಎಡಗಿವಿಗೇ ಹಿಡಿದು, ಅಂಗೈಯನ್ನು ಅದರ ತಳಕ್ಕೆ ಒತ್ತಿ, ನಡುಕ ನೋಡಿ ಒಳ್ಳೆಯದು ಕೆಟ್ಟದ್ದು ತೀರ್ಮಾನಿಸುತ್ತಿದ್ದೆ. ಅಂಗೈಗೆ ಎಲ್ಲವೂ ಸಿಗುವುದಿಲ್ಲ. ನಾನು ಸೀಲು ಒತ್ತಿ ಬಿಟ್ಟದ್ದೇ ಯಾರದೋ ಮನೆಯಲ್ಲಿ ಕರಕರ ಎಂದು ವಾಪಸ್ ಬಂದಿದೆ. ಈ ಪೆಟ್ಟಿಗೆಯನ್ನು ನಾನೇ ಕೊಂದೆ ತಮ್ಮಾ. ಹನ್ನೊಂದು ಜನರ ಅನ್ನಕ್ಕೆ ನಾನೇ ಕಲ್ಲು ಹಾಕಿದೆ.

ನೀನು ಪಾಪ, ಮೊದಲೇ ಎಚ್ಚರಿಸಲು ನೋಡಿದೆ. ನಿನ್ನದೇನೂ ತಪ್ಪಿಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಕ್ಕ

ಆಗಸ್ಟ್ 29

ಅಕ್ಕಾ,

ನಿನ್ನ ಪತ್ರ ಬಂದು ಇಪ್ಪತ್ತು ದಿನದ ಮೇಲಾಯಿತು. ಈ ಇಪ್ಪತ್ತು ದಿನ ನಾನು ಒಂದು ಕೆಟ್ಟ ಸುಖ ಅನುಭವಿಸಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. "ನಾನೇ ಕೊಂದೆ" ಎಂದು ನೀನು ಬರೆದದ್ದನ್ನು ಓದಿದಾಗ ನನಗೆ ಅಳು ಬರಲಿಲ್ಲ. ಎದೆ ಹಗುರವಾಯಿತು. ಸುಮ್ಮನಿದ್ದರೆ ಸಾಕು, ಇದು ಅಕ್ಕನ ಹೆಗಲಿನ ಮೇಲೆಯೇ ಉಳಿಯುತ್ತದೆ ಅನ್ನಿಸಿತು. ಇನ್ನೊಂದು ಜೊತೆ ಚಪ್ಪಲಿ ಕೊಂಡು, ಸರಿಯಾದ ನಂಬರಿನದು, "ಹಾಗೆಲ್ಲ ಅಂದುಕೊಳ್ಳಬೇಡ ಅಕ್ಕಾ" ಎಂದು ಒಂದು ಚೀಟಿಯನ್ನೂ ಬರೆದು ಒಳಗಿಟ್ಟಿದ್ದೆ. ಕಳಿಸಲಾಗಲಿಲ್ಲ. ಅಳು ಆಮೇಲೆ ಬಂತು.

ಕಳೆದ ಸೆಪ್ಟೆಂಬರಿನಲ್ಲಿ ಚಿಪ್ ಮಾಡುವವರಿಂದ ಒಂದು ಕಾಗದ ಬಂತು. ಈ ಚಿಪ್ ಇನ್ನು ಮುಂದೆ ಮಾಡುವುದಿಲ್ಲ, ಕೊನೆಯ ಸಲ ಎಷ್ಟು ಬೇಕೋ ಬರೆದು ಕಳಿಸಿ ಎಂದು. ಅದರಲ್ಲಿ ಒಂದು ಖಾಲಿ ಚೌಕ ಇತ್ತು. ಅದನ್ನು ತುಂಬುವುದು ನನ್ನ ಕೆಲಸ. ಪೆಟ್ಟಿಗೆ ಯಾವಾಗ ನಿಲ್ಲಬೇಕು ಎಂದು ದೊಡ್ಡ ದೊಡ್ಡವರು ಸಭೆ ಸೇರಿ ತೀರ್ಮಾನಿಸಿದರು ಅಂದುಕೊಂಡಿದ್ದೀಯೇನೋ. ಯಾವ ಸಭೆಯೂ ಇಲ್ಲ ಅಕ್ಕಾ. ಆ ಚೌಕದಲ್ಲಿ ಬರೆದದ್ದೇ ತೀರ್ಮಾನ.

ಮಾರಾಟದವರು ಎರಡು ಲಕ್ಷ ಅರವತ್ತು ಸಾವಿರ ಬೇಕಾದರೂ ಮಾರುತ್ತೇವೆ ಎಂದಿದ್ದರು. ನನ್ನ ಮೇಲಿನವರು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು: "ನೋಡಪ್ಪಾ, ಚಿಪ್ ಉಳಿದ್ರೆ ನಿನ್ನ ತಲೆ. ಸಾಲದೆ ಹೋದ್ರೆ ಯಾರ ತಲೆಯೂ ಅಲ್ಲ." ನಾನು ಒಂದು ಲಕ್ಷ ಎಂಬತ್ತು ಸಾವಿರ ಎಂದು ಬರೆದೆ. ಬರೆದು ಊಟಕ್ಕೆ ಹೋದೆ. ನನ್ನ ತಲೆ ಉಳಿಸಿಕೊಳ್ಳಲು ಕಡಿಮೆ ಮಾಡಿದ ಎಂಬತ್ತು ಸಾವಿರ ನಿಮ್ಮ ಲೈನಿಗೆ ನೂರು ದಿನದ ಕೆಲಸ ಎಂದು ಊಟ ಮಾಡುವಾಗ ಹೊಳೆಯಿತು. ಕಾಗದ ಇನ್ನೂ ಮೇಜಿನ ಮೇಲೆಯೇ ಇತ್ತು. ಎದ್ದು ಹೋಗಿ ತಿದ್ದಬಹುದಿತ್ತು. ತಿದ್ದಲಿಲ್ಲ.

ನೀನು ಹೆಸರು ಕೊಡೋಣವೋ ಬೇಡವೋ ಎಂದು ಕೇಳಿದಾಗ ನನಗೆ ಎಲ್ಲವೂ ಗೊತ್ತಿತ್ತು. ಹೊರಗೆ ಹೇಳಬಾರದು ಎಂದು ಸಹಿ ಹಾಕಿಸಿಕೊಂಡಿದ್ದರು, ನಿಜ. ಆದರೆ "ಕೊಡು" ಎಂದು ಎರಡಕ್ಷರ ಬರೆದಿದ್ದರೆ ಯಾರು ನನ್ನನ್ನು ಗಲ್ಲಿಗೆ ಹಾಕುತ್ತಿದ್ದರು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಪುಟ ಬರೆದೆ. ಮೇ ತಿಂಗಳದ್ದು ಸುಳಿವು ಕೊಡುವ ಪ್ರಯತ್ನ, ಅದೂ ಹೇಡಿಯದು.

ಇನ್ನೂ ಒಂದಿದೆ. ಆ ನೋಟೀಸನ್ನು ಬರೆದವನು ನಾನು. ಏನಾದರೊಂದು ಕಾರಣ ಇರಲಿ ಅಂದರು. ಸಂಖ್ಯೆ ಕಡಿಮೆ ಬರೆದೆವು ಎಂದು ಯಾರೂ ನೋಟೀಸಿನಲ್ಲಿ ಹಾಕುವುದಿಲ್ಲ. ವಾಪಸ್ ಬರುವ ಪೆಟ್ಟಿಗೆಗಳ ಮಾತು ಕೈಗೆ ಸಿಕ್ಕಿತು, ಹಾಕಿದೆ. ನೂರಕ್ಕೆ ಎರಡು ಬರುತ್ತಿದ್ದದ್ದು ಮೂರಾಗಿದೆ, ಅಷ್ಟೇ. ಅದರಲ್ಲಿ ನಿನ್ನ ಕಿವಿಯದು ಎಷ್ಟೋ ಗೊತ್ತಿಲ್ಲ. ಏನೂ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಆ ಒಂದಕ್ಕಾಗಿ ಯಾರೂ ಲೈನು ನಿಲ್ಲಿಸುವುದಿಲ್ಲ.

ಎದುರು ಕಟ್ಟಡದವರಿಗೆ ಬರೆದು ಕೇಳಿದೆ. ಮೂವತ್ತು ಜನರೂ ಮಾರ್ಚಿನಲ್ಲೇ ಹೊರಗಿನಿಂದ ಬಂದು ತುಂಬಿದ್ದಾರೆ. ಯಾರಾದರೂ ಬಿಟ್ಟರೆ ನೋಡೋಣ ಅಂದರು.

ಕಿವಿಯ ವೈದ್ಯರಿಗೆ ತೋರಿಸಿದೆಯಾ? ಇದನ್ನು ಕೇಳುವ ಯೋಗ್ಯತೆಯೂ ನನಗೆ ಉಳಿದಿಲ್ಲ.

ತಮ್ಮ

ಸೆಪ್ಟೆಂಬರ್ 21

ತಮ್ಮಾ,

ನಿನ್ನ ಪತ್ರ ಓದಿ ಎರಡು ವಾರ ನಿನ್ನನ್ನು ಬೈದೆ. ಪಾತ್ರೆ ತೊಳೆಯುತ್ತ ಬೈದೆ, ಬಸ್ಸಿನಲ್ಲಿ ಮನಸ್ಸಿನಲ್ಲೇ ಬೈದೆ. ಬರೆದು ಊಟಕ್ಕೆ ಹೋದೆನೆಂದು ಬರೆದಿದ್ದೀಯಲ್ಲ, ಆ ಊಟ ನಿನಗೆ ಹೇಗೆ ಇಳಿಯಿತೋ! ನಿನ್ನನ್ನು ನಾನು ಹಾಗೆ ಬೆಳೆಸಲಿಲ್ಲ ಎಂದು ಬರೆಯಲು ಕೂತೆ. ಅಲ್ಲಿಗೆ ನನ್ನ ಕೈ ನಿಂತಿತು.

ನಿನಗೆ ಭಾಗಾಕಾರ ಕಲಿಸಿದವಳು ಯಾರು? ಒಂದು ಲಕ್ಷ ಎಂಬತ್ತು ಸಾವಿರವನ್ನು ದಿನಕ್ಕೆ ಎಂಟುನೂರರಂತೆ ಭಾಗಿಸಿದರೆ ಇನ್ನೂರ ಇಪ್ಪತ್ತೈದು ದಿನ. ಒಂಬತ್ತು ತಿಂಗಳು. ಲಾರಿ ಬಂದ ದಿನವೇ ಈ ಲೆಕ್ಕ ಮಾಡಿದ್ದೆ, ರೀಲಿನ ಡಬ್ಬದ ಮೇಲೆ ಪೆನ್ಸಿಲಿನಲ್ಲಿ. ಹದಿನೈದು ದಿನಕ್ಕೊಮ್ಮೆ ತರುವವರು ಒಂಬತ್ತು ತಿಂಗಳದ್ದನ್ನು ಒಟ್ಟಿಗೆ ತಂದು ಹಾಕಿದರೆ ಆಮೇಲೆ ತರುವುದಿಲ್ಲ ಎಂದೇ ಅರ್ಥ. ಗುಬ್ಬಿಗೆ ತಿಳಿದದ್ದು ನನಗೆ ತಿಳಿಯಲಿಲ್ಲವೇ? ಬೆರಳಿನಿಂದ ಉಜ್ಜಿ ಅಳಿಸಿದೆ.

ನಿನ್ನ ಫೆಬ್ರವರಿಯ ಪತ್ರವೂ ಮೊದಲ ಸಲ ಓದಿದಾಗಲೇ ಅರ್ಥವಾಯಿತು. ನೀನು ಚಿಕ್ಕಂದಿನಿಂದಲೂ ಹಾಗೆಯೇ, ತಪ್ಪು ಮಾಡಿ ಬಂದ ದಿನ ನನ್ನನ್ನು ಹೊಗಳುತ್ತೀಯ. ಶಾಲೆಯ ಚೀಲ ಕಳೆದುಕೊಂಡು ಬಂದಾಗ "ಅಕ್ಕಾ, ನೀನು ತುಂಬಾ ಚೆನ್ನಾಗಿದ್ದೀಯ," ಅಂದಿದ್ದೆ. ಆ ಪತ್ರದಲ್ಲಿ ನನ್ನ ತಾಳ್ಮೆಯ ಹೊಗಳಿಕೆ ಕಂಡಾಗಲೇ ಏನೋ ಕಳೆದಿದೆ ಎಂದು ಗೊತ್ತಾಯಿತು. ಆಮೇಲೆ ಕೇಳಿದ್ದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ.

ಹಾಗಿದ್ದೂ ಯಾಕೆ ಜೋರಾಗಿ ಓದಿದೆ? ಅವರೆಲ್ಲ ಹೆಸರು ಕೊಟ್ಟರೆ ಅವರ ಮುಂದಾಳು ನಾನೂ ಕೊಡಬೇಕಾಗಿತ್ತು. ಕೊಟ್ಟರೆ ಕಿವಿ ಪರೀಕ್ಷೆ. ಕೊಡದಿದ್ದರೆ, ಅಕ್ಕಾ ನೀನ್ಯಾಕೆ ಬರಲ್ಲ ಎಂದು ಕೇಳುತ್ತಾರೆ. ಎರಡರಿಂದಲೂ ತಪ್ಪಿಸಿಕೊಳ್ಳಲು ನಿನ್ನ ಪತ್ರ ಸಿಕ್ಕಿತು. ನೀನು ನನ್ನ ಅನುಭವದ ಹಿಂದೆ ಅಡಗಿಕೊಂಡೆ, ನಾನು ನಿನ್ನ ಹೆಡ್ ಆಫೀಸಿನ ಹಿಂದೆ. ಒಂದೇ ಮನೆಯ ಮಕ್ಕಳು ನಾವು, ಅದರಲ್ಲಿ ಸಂದೇಹವಿಲ್ಲ.

ಮೊನ್ನೆ ಪೆಟ್ಟಿಗೆಯನ್ನು ಬಲಗಿವಿಗೆ ಹಿಡಿದೆ. ಹನ್ನೊಂದು ಜನರೂ ನೋಡಿದರು. ಗುಬ್ಬಿಯ ಕೈ ನಿಂತುಹೋಯಿತು, ಯಾರೂ ಏನೂ ಕೇಳಲಿಲ್ಲ. ಅಂಗೈಗೆ ದಿನಕ್ಕೆ ಆರು ಕೆಟ್ಟವು ಸಿಗುತ್ತಿದ್ದವು. ಈ ಅರೆಬರೆ ಬಲಗಿವಿಗೇ ಅವತ್ತು ಹದಿನಾಲ್ಕು ಸಿಕ್ಕವು.

ನಿನ್ನೆ ಎಲ್ಲರೂ ಹೋದ ಮೇಲೆ ಮೇಜಿನ ಕಾಲಿನ ಕೆಳಗಿನ ಫಾರಂ ತೆಗೆದು ನೋಡಿದೆ. ಮಕ್ಕಳ ವಯಸ್ಸು ಎಂದಿರುವ ಕಡೆ ಗುಬ್ಬಿ ಎಂಟು ತಿಂಗಳು ಎಂದು ಗುಂಡಗೆ ಬರೆದಿದ್ದಾಳೆ. ಆ ಮಗು ಈಗ ನಡೆಯುತ್ತದೆ. ಗಂಡನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಟೀ ಬಿಡುವಿನಲ್ಲಿ ಈಗಲೂ ಅವಳು ನನಗೆ ಕುರ್ಚಿ ಎಳೆದು ಕೊಡುತ್ತಾಳೆ, ನನಗೆ ಕೂರಲಾಗುವುದಿಲ್ಲ.

ನಿನ್ನ ಈ ಪತ್ರವನ್ನು ಅವರಿಗೆ ಓದಿ ಹೇಳೋಣವೆಂದು ಎರಡು ಸಲ ಕೈಗೆ ತೆಗೆದುಕೊಂಡೆ. ಬೇಡ ಅನ್ನಿಸಿತು. ನಿನ್ನ ಮಾತನ್ನು ನಾನು ಒಂದು ಸಲ ಓದಿ ಹೇಳಿದ್ದೇ ಸಾಕಾಯಿತಲ್ಲ. ಮುಂದಿನ ಸೋಮವಾರ ನೀನೇ ಬಾ. ಹತ್ತೂವರೆಗೆ ಟೀ ಬಿಡುವು, ಹದಿನೈದು ನಿಮಿಷ. ಗೇಟಿನ ಹತ್ತಿರ ನಾನು ಕಾಯುತ್ತಿರುತ್ತೇನೆ. ಆ ಚೌಕದ ವಿಷಯ ನೀನು ಹೇಳು, ಭಾಗಾಕಾರದ ವಿಷಯ ನಾನು ಹೇಳುತ್ತೇನೆ. ಅವರು ಏನು ಬೇಕಾದರೂ ಅನ್ನಲಿ, ಟೀ ಎರಚಿದರೂ ಎರಚಲಿ. ನಿಂತು ಕೇಳಿಸಿಕೊಂಡು ಬರೋಣ.

ಬಂದಾಗ ನನ್ನ ಬಲಗಡೆ ನಿಂತುಕೋ. ಜೋರಾಗಿ ಹೇಳು, ನನಗೂ ಕೇಳಿಸಬೇಕು.

ಅಕ್ಕ